ಚಿನ್ನುವಿನ ಮಿದುಳಿಗೆ ಕುಡಿ ಮುರಿಯುವ ವಿಚಾರ

ಪಿರಿಯಾಪಟ್ಟಣ
20-8-2024, ಮಂಗಳವಾರ

ಮುದ್ದು ಸೊಸೆ ರೂಪಾಗೆ, ನಿನ್ನ ಅತ್ತೆ ವಿಮಲಮ್ಮ ಮನಸಾರೆ ಮಾಡುವ ಆಶೀರ್ವಾದ.

ಹೇಗಿದ್ದೀಯ? ಹೋದ ವಾರ ಫೋನಿನಲ್ಲಿ ನೀನು ಕೆಮ್ಮುತ್ತಿದ್ದೆ. ಪುಣೆಯ ಮಳೆಯಲ್ಲಿ ನೆನೆದುಕೊಂಡು ಲ್ಯಾಬಿಗೆ ಹೋಗಬೇಡ, ಮೆಣಸಿನ ಸಾರು ಮಾಡಿಕೊಂಡು ಕುಡಿ. ನಿನ್ನ ಇಲಿಗಳೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಇಲಿಗೆ ಬೋನಿಡುವ ನಾನು ಅಲ್ಲಿಯ ಇಲಿಗಳ ಯೋಗಕ್ಷೇಮ ವಿಚಾರಿಸುವ ಕಾಲ ಬಂತು ನೋಡು. ನಿನ್ನ ಮಾವನಿಗೆ ಮಂಡಿ ನೋವು, ಬಾಯಿಗೆ ಮಾತ್ರ ಏನೂ ಆಗಿಲ್ಲ. ಕುಮಾರನಿಗೆ ಹೊಗೆಸೊಪ್ಪು ಬೇಯಿಸುವ ಕೆಲಸ, ಒಲೆ ಉರಿಯುವ ಬ್ಯಾರನ್ ಮನೆ ಬಿಟ್ಟು ಕದಲುವುದಿಲ್ಲ, ನಿನ್ನ ಗಂಡನೆಂಬುವವನು ಹೊಗೆ ವಾಸನೆಯಾಗಿಬಿಟ್ಟಿದ್ದಾನೆ. ನಿನ್ನ ಮಗಳು ಚಿನ್ನು ಚೆನ್ನಾಗಿದ್ದಾಳೆ. ಅವಳ ವಿಷಯಕ್ಕೇ ಈ ಕಾಗದ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ವಿಜ್ಞಾನ ಮಾತಾಡಿದರೆ ನೀನು ನಡುವೆ ಬಾಯಿ ಹಾಕಿ ತಿದ್ದುತ್ತೀಯ. ಕಾಗದದಲ್ಲಿ ಆ ಕಾಟವಿಲ್ಲ.

ಯುಗಾದಿಗೆ ಬಂದಾಗ ಜಗಲಿಯಲ್ಲಿ ಕೂತು ನಿನ್ನ ಸಂಶೋಧನೆಯ ಬಗ್ಗೆ ಹೇಳಿದೆಯಲ್ಲ. ಮೈಗೆ ರೋಗಾಣು ಹೊಕ್ಕರೆ ಅದರ ಮೇಲೆ ಗುರುತು ಹಾಕಿ ತೋರಿಸಿಕೊಡುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಗುಂಪು ಒಂದಿದೆ, ಅದೇ ಗುಂಪು ಮಕ್ಕಳ ಮಿದುಳಿನಲ್ಲಿ ಬೇರೆ ಕೆಲಸವನ್ನೂ ಮಾಡುತ್ತದೆ ಎಂದೆ. ಎಳೆಯ ಮಿದುಳಿನ ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಜೋಡಣೆಗಳು ಹುಟ್ಟಿರುತ್ತವೆ, ಬಳಕೆ ಕಡಿಮೆ ಇರುವ ಜೋಡಣೆಯ ಮೇಲೆ ಈ ಪ್ರೋಟೀನು ಹೋಗಿ ಕೂರುತ್ತದೆ, ಆ ಗುರುತು ನೋಡಿ ಮೈಕ್ರೋಗ್ಲಿಯಾ ಎಂಬ ಜೀವಕೋಶಗಳು ಬಂದು ಅದನ್ನು ತಿಂದುಹಾಕುತ್ತವೆ, ಉಳಿದದ್ದು ಗಟ್ಟಿಯಾಗುತ್ತದೆ ಎಂದೆ. ನನಗೆ ತಕ್ಷಣ ಅರ್ಥವಾಯಿತು. ಹೊಗೆಸೊಪ್ಪಿನ ಗಿಡ ಹೂವಿಗೆ ಬಂದಾಗ ಕುಡಿ ಮುರಿಯದಿದ್ದರೆ ಎಲೆ ತೆಳ್ಳಗಾಗುತ್ತದೆ, ಹರಾಜಿನಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಮಿದುಳಿಗೂ ಕುಡಿ ಮುರಿಯುವ ಆಳುಗಳಿದ್ದಾರೆ ಎಂದುಕೊಂಡೆ. ನಿನ್ನ ಮಾವನಿಗೂ ಅರ್ಥವಾಯಿತು. ತೊಂದರೆ ಶುರುವಾದದ್ದು ಅಲ್ಲಿಂದ.

ನೀನು ಬಸ್ಸು ಹತ್ತಿದ ಮಾರನೆಯ ಬೆಳಿಗ್ಗೆ ಅವರು ಟವೆಲು ಕೊಡವಿಕೊಂಡು ಎದ್ದರು. "ನನ್ ಮೊಮ್ಮಗಳ ತಲೇಲಿ ಒಂದ್ ಎಳೇನೂ ಆ ತಿನ್ನೋವುಕ್ಕೆ ಸಿಗಬಾರ್ದು ಕಣೆ. ಎಲ್ಲಾನೂ ಬಳಸ್ಬುಟ್ರೆ ಯಾವುದುಕ್ಕೆ ಗುರುತಾಕವು?" ಎಂದರು. ಆಮೇಲೆ ಶುರುವಾಯಿತು ನೋಡು ಮೂರು ವರ್ಷದ ಮಗುವಿನ ವಿದ್ಯಾಭ್ಯಾಸ. ಪಕ್ಕದ ಹೊಲ ಗುತ್ತಿಗೆ ಹಿಡಿದು ಶುಂಠಿ ಹಾಕಿರುವ ವಯನಾಡಿನವರ ಹತ್ತಿರ ಮಲಯಾಳಂ. ಕುಶಾಲನಗರದ ಬಸ್ಸಿನ ಕಂಡಕ್ಟರ್ ಹತ್ತಿರ ಕೊಡವ ಮಾತು. ಹರಾಜು ಕಟ್ಟೆಗೆ ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಸೊಪ್ಪಿನ ದರ್ಜೆ ಗುರುತಿಸುವುದು. ಈಗ ನಿನ್ನ ಮಗಳು ಮುದ್ದೆ ತಟ್ಟೆ ಮುಂದಿಟ್ಟರೆ "ವೇಂಡ" ಅನ್ನುತ್ತಾಳೆ. ನಾನು ಮುದ್ದೆ ಕೈಯಲ್ಲಿ ಹಿಡಿದುಕೊಂಡು ಅದರ ಅರ್ಥ ಕೇಳಲು ಶುಂಠಿ ಹೊಲಕ್ಕೆ ಹೋಗಿ ಬಂದೆ. ಬೇಡ ಅಂತಂತೆ. ಅದನ್ನು ಹೇಳಲು ಅವಳಿಗೆ ಕನ್ನಡ ಸಾಕಾಗಿತ್ತು. ಮನೆಗೆ ಬಂದ ನೆಂಟರ ಪಂಚೆ ಮುಟ್ಟಿ ನೋಡಿ ದರ್ಜೆ ಹೇಳಿದಳು, ಅದೂ ಕೆಳಗಿನ ದರ್ಜೆ.

"ಎಲ್ಲಾ ಕುಡೀನೂ ಬುಟ್ಕಂಡ್ರೆ ಎಲೆ ದಪ್ಪ ಆಗಕಿಲ್ಲ ಕಣ್ರೀ, ಸ್ವಲ್ಪ ಮುರೀಲಿ ಬುಡಿ" ಎಂದೆ. "ಸೊಪ್ಪೂ ಮಗೂನೂ ಒಂದೇನೆ ನಿಂಗೆ?" ಎಂದು ಸಿಟ್ಟಾದರು. ಆ ಪ್ರೋಟೀನೇ ಇಲ್ಲದ ಇಲಿಗಳ ಮಿದುಳಿನಲ್ಲಿ ಹೆಚ್ಚುವರಿ ಜೋಡಣೆ ಉಳಿದು ತೊಂದರೆಯಾಗುತ್ತದೆ ಎಂದು ನೀನೇ ಹೇಳಿದ್ದನ್ನು ನೆನಪಿಸಿದೆ. ನಿಮಗೆ ಆ ಪ್ರೋಟೀನು ಹುಟ್ಟಿನಿಂದಲೇ ಕಡಿಮೆ ಎಂದೂ ಸೇರಿಸಿದೆ, ಅದು ಸ್ವಲ್ಪ ಹೆಚ್ಚಾಯಿತು. ಆವತ್ತು ರಾಗಿ ಕಣಜದ ಹತ್ತಿರ ಹಾಸಿಗೆ ಹಾಸಿಕೊಂಡು ಮಲಗಿದರು. ಊರಿಗೂ ಸುದ್ದಿ ಹಬ್ಬಿದೆ. ಪಕ್ಕದ ಮನೆ ಕುಳ್ಳಮ್ಮ ಬಂದು, "ನಮ್ ಯಜಮಾನ್ರ ತಲೇಲಿ ಇಸ್ಪೀಟ್ ಇರೋ ಜಾಗುಕ್ಕೆ ಒಂದ್ ಗುರುತ್ ಆಕ್ಸಕಾಯ್ತದಾ ಕೇಳವ್ವ ನಿನ್ ಸೊಸೇನಾ" ಎಂದು ಗುಟ್ಟಾಗಿ ಹೇಳಿ ಹೋಗಿದ್ದಾಳೆ. ದೊಡ್ಡವರ ಮಿದುಳೂ ಸ್ವಲ್ಪ ಸ್ವಲ್ಪ ಬದಲಾಗುತ್ತಿರುತ್ತದೆ ಎಂದಿದ್ದೆಯಲ್ಲ, ಆ ಸ್ವಲ್ಪದಲ್ಲಿ ಇಸ್ಪೀಟು ಬರುತ್ತದೆಯೇ ತಿಳಿಸು.

ಅವರನ್ನು ಇಷ್ಟು ಆಡಿಕೊಂಡೆನಲ್ಲ, ನಾನು ಮಾಡಿದ್ದು ಕೇಳು. ಬಳಸದೆ ಬಿಟ್ಟದ್ದು ಹೋಗುತ್ತದೆ ಎಂದು ನೀನು ಹೇಳಿದಾಗ ನನಗೆ ಚಿನ್ನುವಿನ ತಲೆಯಲ್ಲಿರುವ ನೀನೇ ನೆನಪಾದೆ ರೂಪಾ. ನೀನು ಓದಲು ಪುಣೆಗೆ ಹೋದಾಗ ಅವಳಿಗೆ ಎರಡು ತುಂಬಿತ್ತು ಅಷ್ಟೆ. ಯುಗಾದಿಗೆ ಬಂದಾಗ ನಿನ್ನನ್ನು ಕಂಡು ನನ್ನ ಸೀರೆಯೊಳಗೆ ಅಡಗಿದಳು, ನೀನು ನಗುತ್ತಲೇ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ನಾನು ನೋಡಲಿಲ್ಲ ಅಂದುಕೊಂಡೆಯಾ? ಅದಕ್ಕೇ ನಿನ್ನ ಜೋಡಣೆ ಬಳಕೆಯಲ್ಲಿರಲಿ ಎಂದು ಪ್ರತಿ ತುತ್ತಿಗೂ ಮೊದಲು ನಿನ್ನ ಫೋಟೋ ತೋರಿಸಿ, ಅಮ್ಮ ಅನ್ನಿಸಿ, ಬಾಯಿಗಿಡುತ್ತ ಬಂದೆ. ಅದರ ಫಲವಾಗಿ ನೀನು ವಿಡಿಯೋದಲ್ಲಿ ಬಂದ ಕೂಡಲೇ ಅವಳು ಬಾಯಿ ತೆರೆಯುತ್ತಾಳೆ. ನೀನು ಅದನ್ನು ಮುತ್ತು ಕೇಳುವುದು ಅಂದುಕೊಂಡು ಮುತ್ತು ಕೊಡುತ್ತೀಯ. ಅವಳು ಕಾಯುವುದು ಅನ್ನಕ್ಕೆ. ಫೋನು ಚಾರ್ಜಿಗೆ ಹಾಕಿದರೆ, "ಅಮ್ಮ ಉಣ್ತಾವ್ಳೆ" ಎಂದು ನಮ್ಮನ್ನೆಲ್ಲ ಸುಮ್ಮನಿರಿಸುತ್ತಾಳೆ.

ಅಮ್ಮನೆಂದರೆ ಒಂದೇ ಒಂದು ಜೋಡಣೆಯಲ್ಲ ಅತ್ತೆ, ಹಾಗೆ ಸುಲಭಕ್ಕೆ ತಿಂದುಹಾಕುವಂಥದ್ದಲ್ಲ ಎಂದು ನೀನು ಹೇಳುತ್ತೀಯ, ಗೊತ್ತು. ಇರಬಹುದು. ಪ್ರಯೋಗ ಮುಗಿದಿಲ್ಲ, ದೀಪಾವಳಿ ಕಳೆದ ಮೇಲೆ ಬರುತ್ತೇನೆ ಎಂದೂ ಹೇಳಿದ್ದೀಯ. ಕುಮಾರನಿಗೆ ಬೇಜಾರಾಗಿದೆ, ನಿನ್ನ ಓದಿಗೆ ಅಡ್ಡವಾದೇನೆಂದು ಬಾಯಿ ಬಿಡುವುದಿಲ್ಲ. ನಿನ್ನನ್ನು ಬಸ್ಸು ಹತ್ತಿಸಿ ಓದಲು ಕಳಿಸಿದವಳು ನಾನು, ಅದು ಸರಿಯೆಂದೇ ಇವತ್ತಿಗೂ ಹೇಳುತ್ತೇನೆ. ಓದು ಬಿಟ್ಟು ಬಾ ಎನ್ನಲು ಈ ಕಾಗದ ಬರೆಯುತ್ತಿಲ್ಲ. ಆದರೆ ದೀಪಾವಳಿ ನನಗೆ ತುಂಬ ದೂರವಾಗಿ ಕಾಣುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ತಲೆಗೆ ಎಣ್ಣೆ ಹಚ್ಚಿಕೋ. ನಿನ್ನ ಜೊತೆ ಕೆಲಸ ಮಾಡುವ ಹುಡುಗಿಯರಿಗೆಲ್ಲ ನನ್ನ ಪ್ರೀತಿ ತಿಳಿಸು. ದೇವರು ನೀನು ಕೈಗೆತ್ತಿಕೊಂಡ ಕೆಲಸಕ್ಕೆ ಒಳ್ಳೆಯ ಹೆಸರು ಕೊಡಲಿ.

ನಿನ್ನ ಅತ್ತೆ,
ವಿಮಲಮ್ಮ

ವಿ.ಸೂ.: ಕುಮಾರ ಪೋಸ್ಟಿಗೆ ಹಾಕಲು ಬೈಕು ಸ್ಟಾರ್ಟ್ ಮಾಡಿಕೊಂಡು ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆದುಬಿಡುತ್ತೇನೆ. ಮೊನ್ನೆ ಚಿನ್ನು ಹಿತ್ತಲಲ್ಲಿ ಬಿದ್ದು ಮಂಡಿ ತರಚಿಕೊಂಡಳು. ಅಮ್ಮಾ ಎಂದು ಅಳುತ್ತ ಓಡಿಬಂದು ನನ್ನ ಕೊರಳು ತಬ್ಬಿಕೊಂಡಳು. ಅಜ್ಜಿ ಕಣವ್ವ ಎಂದು ನಾನು ತಿದ್ದಬೇಕಿತ್ತು. ಓ ಎಂದುಬಿಟ್ಟೆ. ಆಮೇಲೂ ಹಾಗೇ ಕರೆಯುತ್ತಿದ್ದಾಳೆ, ನಾನೂ ಓಗೊಡುತ್ತಿದ್ದೇನೆ. ಅದೆಷ್ಟು ಹಿತವಾಗಿದೆಯೆಂದರೆ ನಿನ್ನ ಮಾವನಿಗೂ ಹೇಳಿಲ್ಲ. ಈ ಕಾಗದ ಸಿಕ್ಕಿದ ಮೇಲೆ ಬರುವ ಮೊದಲ ಶನಿವಾರವೇ ಬಂದು ಅವಳನ್ನು ನಿನ್ನ ಜೊತೆ ಪುಣೆಗೆ ಕರೆದುಕೊಂಡು ಹೋಗು. ರೂಮು ಚಿಕ್ಕದಾದರೆ ಆಗಲಿ, ಅವಳು ಅಲ್ಲಿ ಒಗ್ಗುವ ತನಕ ನಾನೂ ಬಂದು ಮೂಲೆಯಲ್ಲಿ ಇರುತ್ತೇನೆ. ತಡ ಮಾಡಬೇಡ ಮಗಳೇ. ತಡ ಮಾಡಿದರೆ ನಾನು ಕೊಡುವುದಿಲ್ಲ.