ನಡೆಯದ ಹೆಜ್ಜೆಗಳ ಊಟ

ಜನವರಿ 8, ಬೆಳಿಗ್ಗೆ 7
ಲಾಂಡ್ರಿಯ ತಕ್ಕಡಿ ಮೇಲೆ ನಿಂತೆ. ಬೆಡ್‌ಶೀಟ್ ಗಂಟು ತೂಗುವ ತಕ್ಕಡಿ. 91.8 ಕೆಜಿ. ಗಂಟಿಗೂ ನನಗೂ ಅಂಥ ವ್ಯತ್ಯಾಸವೇನಿಲ್ಲ. 84ಕ್ಕೆ ಇಳಿದರೆ ಮಾತ್ರ ನನ್ನ ಕಿಡ್ನಿ ತೆಗೆದು ಅಕ್ಕನಿಗೆ ಹಾಕುತ್ತಾರಂತೆ. ಏಪ್ರಿಲ್ ಹತ್ತರೊಳಗೆ. ಮ್ಯಾಚ್ ಆದವನು ನಾನೊಬ್ಬನೇ. ಡಾಕ್ಟರದು ಒಂದೇ ಮಾತು — "ಈ ತೂಕದಲ್ಲಿ ನಿಮ್ಮನ್ನ ಟೇಬಲ್ ಮೇಲೆ ಮಲಗಿಸಲ್ಲ."

ಅಕ್ಕ ಹೆಜ್ಜೆ ಎಣಿಸುವ ತನ್ನ ಬ್ಯಾಂಡ್ ಬಿಚ್ಚಿ ನನ್ನ ಬಲಗೈಗೆ ಕಟ್ಟಿದಳು. "ವಾರಕ್ಕೆ ಮೂರು ದಿನ ಡಯಾಲಿಸಿಸ್ ಕುರ್ಚೀಲಿ ಕೂತಿರ್ತೀನಿ. ನನ್ನ ನೋಡಿ ಇದಕ್ಕೂ ಬೇಜಾರಾಗಿದೆ. ನೀನಾದ್ರೂ ನಡಿ ಗುಂಡ." ನನ್ನ ಫೋನಿನ ಡಯಟ್ ಆ್ಯಪ್‌ಗೆ ಅದನ್ನು ಸಿಂಕ್ ಮಾಡಿಕೊಟ್ಟವಳೂ ಅವಳೇ. ದಿನಕ್ಕೆ 1700 ಕ್ಯಾಲೊರಿ.

ಜನವರಿ 9, ಮಧ್ಯಾಹ್ನ 3
9,200 ಹೆಜ್ಜೆ! ಆ್ಯಪ್‌ನಲ್ಲಿ ಹಸಿರು ಅಕ್ಷರ — ಅಡ್ಜಸ್ಟ್‌ಮೆಂಟ್ +480. ಅಂದರೆ 1700ರ ಮೇಲೆ ಇನ್ನೂ 480 ತಿನ್ನಬಹುದು. ದಿನವಿಡೀ ನಿಂತು ಇಸ್ತ್ರಿ ಮಾಡುವುದೆಂದರೆ ಸುಮ್ಮನೆಯೇ? ಸೋಮಾರಿ ಎಂದವರೆಲ್ಲ ಬಂದು ನೋಡಲಿ. ಬ್ರೆಡ್, ಬೆಣ್ಣೆ, ಎರಡು ಮೊಟ್ಟೆ. ಖುಷಿಯಾಯಿತು.

ಜನವರಿ 29
91.6. ಮೂರು ವಾರಕ್ಕೆ ಇನ್ನೂರು ಗ್ರಾಂ. ತಕ್ಕಡಿ ಕೆಟ್ಟಿರಬೇಕು. ನಿನ್ನೆ ಹೆಜ್ಜೆ 14,000. ಅಡ್ಜಸ್ಟ್‌ಮೆಂಟ್ +610. ಆ್ಯಪ್ ಕೊಟ್ಟಿದ್ದಕ್ಕಿಂತ ಒಂದು ಬಿಸ್ಕತ್ತೂ ಹೆಚ್ಚು ತಿಂದಿಲ್ಲ...

ಫೆಬ್ರವರಿ 17
92.3. ತಕ್ಕಡಿ ಸರಿಯಾಗಿಯೇ ಇದೆ. ಲಾಂಡ್ರಿ ಯಜಮಾನರು ತಾವೇ ಮೇಲೆ ನಿಂತು ತೋರಿಸಿದರು.

ಅಕ್ಕನಿಗೆ ಹೇಳುವಾಗ ತಲೆ ಎತ್ತಲಾಗಲಿಲ್ಲ. ಅವಳು ನಕ್ಕಳು. "ಅಮ್ಮ ಹೋದ್ಮೇಲೆ ನಾನೇ ಅಲ್ವೇನೋ ನಿಂಗೆ ಬಲವಂತ ಮಾಡಿ ತಿನ್ನಿಸಿದ್ದು. ಇನ್ನೊಂದ್ ತುತ್ತು, ಇನ್ನೊಂದ್ ತುತ್ತು ಅಂತ. ನನ್ನ ಕೈಯಾರೆ ಮಾಡ್ಕೊಂಡಿದ್ದು ಬಿಡು." ಅವಳ ಕಾಲು ಊದಿದೆ. ಚಪ್ಪಲಿ ಹಿಡಿಸುತ್ತಿಲ್ಲ.

ಫೆಬ್ರವರಿ 24
ಆಸ್ಪತ್ರೆಯ ಡಯಟಿಷಿಯನ್ ಮೇಡಂ ನನ್ನ ಫೋನ್ ನೋಡಿದರು.

"ಕೆಲಸ ಏನು?"

"ಇಸ್ತ್ರಿ."

"ಯಾವ ಕೈಯಲ್ಲಿ?"

ಬಲಗೈ ಎತ್ತಿದೆ. ಬ್ಯಾಂಡ್ ಅಲ್ಲೇ ಇತ್ತು. ಕುರ್ಚಿಯಲ್ಲಿ ಕೂತೇ ಇಸ್ತ್ರಿ ಉಜ್ಜಿದ ಹಾಗೆ ಕೈ ಆಡಿಸಲು ಹೇಳಿದರು. ಆಡಿಸಿದೆ. ಒಂದು ನಿಮಿಷಕ್ಕೆ 64 ಹೆಜ್ಜೆ. ಕೂತಲ್ಲೇ!

"ಆ್ಯಪ್ ನೀವು ಇಷ್ಟೇ ಓಡಾಡ್ತೀರ ಅಂತ ಮೊದಲೇ ಅಂದಾಜು ಹಾಕಿರುತ್ತೆ. ಬ್ಯಾಂಡ್ ಜಾಸ್ತಿ ಅಂದ್ರೆ, ಆ ವ್ಯತ್ಯಾಸಾನ ಊಟಕ್ಕೆ ಸೇರಿಸುತ್ತೆ. ಅದೇ ಅಡ್ಜಸ್ಟ್‌ಮೆಂಟ್. ಬ್ಯಾಂಡ್ ತಪ್ಪು ಹೇಳಿದ್ರೆ ಅದೂ ತಪ್ಪೇ. ನೀವು ನಡೀದೇ ಇರೋ ಹೆಜ್ಜೆಗೆಲ್ಲ ಊಟ ಮಾಡಿದೀರ."

ಆರೂವರೆ ವಾರ. ಶರ್ಟುಗಳ ಮೇಲೆ ಕೈ ನಡೆದಿದೆ. ನಾನು ನಿಂತಲ್ಲೇ ನಿಂತಿದ್ದೆ. ನನ್ನ ಮೇಲೆ ನನಗೇ ಅಸಹ್ಯ.

ಫೆಬ್ರವರಿ 25
ಇಸ್ತ್ರಿ ಮುಗಿಯುವ ತನಕ ಬ್ಯಾಂಡ್ ಜೇಬಿನಲ್ಲಿ. ಹೆಜ್ಜೆ ಕಮ್ಮಿಯಾದರೆ ಊಟದಿಂದ ಕಳೆಯುವ ಲೆಕ್ಕವನ್ನೂ ಮೇಡಂ ಆ್ಯಪ್‌ನಲ್ಲಿ ಆನ್ ಮಾಡಿಕೊಟ್ಟಿದ್ದರು. ಸಂಜೆ ನೋಡಿದರೆ ಕೆಂಪು ಅಕ್ಷರ: −260. ನನ್ನ ನಿಜವಾದ ದಿನ ಇದು. ಕೆಲಸ ಬಿಟ್ಟ ಮೇಲೆ ಸೇತುವೆ ತನಕ ನಡೆದೆ. ಹಸಿವು.

ಮಾರ್ಚ್ 21
89.7. ಹಸಿವು.

ಏಪ್ರಿಲ್ 10
87.1. ಡಾಕ್ಟರು ತಲೆ ಅಲ್ಲಾಡಿಸಿದರು. "ಇನ್ನೊಂದು ತಿಂಗಳು ನೋಡೋಣ." ಅವರು ಅಕ್ಕನ ಕಡೆ ನೋಡಿ ಹೇಳಲಿಲ್ಲ. ಆ ಆರೂವರೆ ವಾರ ಹಾಳಾಗದೆ ಇದ್ದಿದ್ದರೆ ಇವತ್ತು ಡೇಟ್ ಕೊಡುತ್ತಿದ್ದರು.

ಮೇ 6
ಅಕ್ಕನಿಗೆ ಉಸಿರು ಕಟ್ಟಿತು. ಶ್ವಾಸಕೋಶದಲ್ಲಿ ನೀರು. ಅಡ್ಮಿಟ್.

ಮೇ 14, ಬೆಳಿಗ್ಗೆ 11
83.8! ಆಸ್ಪತ್ರೆಯ ಮಷಿನ್‌ನಲ್ಲೇ. ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋದೆ. ಅವರು ಓದಿದರು. ಮಡಚಿ ವಾಪಸ್ ಕೊಟ್ಟರು.

"ನೀವು ಈಗ ಫಿಟ್ ಇದೀರ. ಅವರ ಹಾರ್ಟ್ ಆಪರೇಷನ್ ತಡ್ಕೊಳಲ್ಲ."

ಚೀಟಿ ಜೇಬಿಗೆ ಹಾಕಿಕೊಂಡೆ. ಒಳಗೆ ಹೋದೆ. ಅಕ್ಕ ಮಾಸ್ಕ್ ಸರಿಸಿದಳು.

"ಎಷ್ಟಾಯ್ತೋ?"

"83.8."

ನನ್ನ ಮಣಿಕಟ್ಟು ಹಿಡಿದು ನೋಡಿದಳು. ಬ್ಯಾಂಡ್ ಸಡಿಲವಾಗಿ ತಿರುಗುತ್ತಿತ್ತು. ಒಂದು ತೂತು ಬಿಗಿ ಮಾಡಿದಳು. "ಎಷ್ಟು ಸೊರಗಿದೀಯೋ ಗುಂಡ. ಹೋಗು, ಮೊದ್ಲು ಏನಾದ್ರೂ ತಿನ್ನು."

ಕ್ಯಾಂಟೀನ್ ತನಕ ಹೋದೆ. ತಿನ್ನಲಿಲ್ಲ. ತಿಂದೆ ಅಂತ ಸುಳ್ಳು ಹೇಳಿದೆ.

ಮೇ 17, ಸಂಜೆ 5
ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್. ಇಸ್ತ್ರಿ ಸ್ವಿಚ್ ಆರಿಸಿದೆನೋ ಇಲ್ಲವೋ. ಬಸ್ಸಿಗೆ ಕಾಯಲಿಲ್ಲ, ಓಡಿದೆ. ಹತ್ತು ಕಿಲೋಮೀಟರ್. ಹಾಸಿಗೆಯ ಶೀಟ್ ಆಗಲೇ ಬದಲಾಯಿಸಿದ್ದರು.

ಬ್ಯಾಂಡ್ ಈಗ ತಾನೇ ಸಿಂಕ್ ಆಯಿತು. ಈ ಸಲ ಪ್ರತಿ ಹೆಜ್ಜೆಯೂ ನಿಜ. ಹಸಿರು ಅಕ್ಷರ, +610. ಇನ್ನೂ ತಿನ್ನಬಹುದಂತೆ. ಅಕ್ಕ ಇದ್ದಿದ್ದರೆ ಇನ್ನೊಂದ್ ತುತ್ತು ಅಂತ—