ಬಾಲದ ಮೇಲಿನ ಬೆಳವ

ವಿಜಯಪುರ, ಫೆಬ್ರುವರಿ ೩೦, ೨೧೧೯

ಪ್ರೀತಿಯ ನೀಲಾಂಬಿಕಾ ಮುತ್ತಜ್ಜಿಗೆ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನಾನು ನಿಮ್ಮ ಮೊಮ್ಮಗಳು ದಾನೇಶ್ವರಿಯ ಮಗಳು, ಮುಕ್ತಾ. ಹಿಂದಿನ ಕಾಲಕ್ಕೆ ಬರೆಯುತ್ತಿರುವ ಈ ಪತ್ರ ಕೈ ಸೇರುವಾಗ ನಿಮಗೆ ಇಪ್ಪತ್ತೈದು, ಮದುವೆಯ ಮಾತೂ ಇನ್ನೂ ಎದ್ದಿಲ್ಲ. ಮೂವತ್ತು ದಾಟಿದ ನಾನು ನಿಮ್ಮನ್ನು ಮುತ್ತಜ್ಜಿ ಎಂದರೆ ನಗು ಬಂದೀತು. ನಡುನಡುವೆ ನೀವು ಕೇಳದ ಶಬ್ದಗಳೂ ಬರುತ್ತವೆ. ಎರಡಕ್ಕೂ ಕ್ಷಮೆಯಿರಲಿ.

ನೀವೀಗ ಡೋಣಿ ಏರ್‌ವೇಸ್ ಎಂಬ ಪುಟ್ಟ ಕಂಪನಿಯ ವಿಮಾನಗಳಿಗೆ ಲೋಗೋ ಬಿಡಿಸುತ್ತಿದ್ದೀರಿ. ಕಂಪನಿಯವರು ಗಿಡುಗ ಬೇಕೆಂದಾಗ ನೀವು, "ಗಿಡುಗ ಕಂಡ್ರ ಮಂದಿ ಅಂಜ್ತಾರ್ರೀ. ಮನಿ ಮುಂದ ಕಾಳಿಗೆ ಬರೋ ಬೆಳವ ಇರ್ಲಿ," ಎಂದಿರಂತೆ. ನಿಮ್ಮ ಮಾತೇ ಗೆಲ್ಲುತ್ತದೆ. ಕತ್ತು ತುಸು ಓರೆ ಮಾಡಿದ ಆ ಕಂದು ಹಕ್ಕಿ ತೊಂಬತ್ತು ವರ್ಷಕ್ಕೂ ಮೇಲ್ಪಟ್ಟು ಡೋಣಿ ವಿಮಾನಗಳ ಬಾಲದ ಮೇಲೆ ಕೂತಿತ್ತು.

ನಮ್ಮ ವಿಮಾನಗಳು ಎಣ್ಣೆ ಕುಡಿಯುವುದಿಲ್ಲ. ಅವುಗಳ ಬೆನ್ನು, ರೆಕ್ಕೆಯ ಮೇಲ್ಭಾಗ, ಬಾಲ ಎಲ್ಲದಕ್ಕೂ ಬಿಸಿಲುತೊಗಲು ಹೊದಿಸುತ್ತೇವೆ. ಬಿಸಿಲನ್ನು ವಿದ್ಯುತ್ತಾಗಿಸುವ ತೆಳ್ಳನೆಯ ಕಪ್ಪು ಹಾಳೆ ಅದು. ಬೇಸಿಗೆಯ ನಡುಹಗಲು ನಮಗೆ ನೆರಳುಪಾಳಿ. ಅಂಗಡಿ, ಕಚೇರಿ, ಶಾಲೆಗಳೆಲ್ಲ ಬಾಗಿಲು ಹಾಕಿಕೊಂಡು, ಜನ ನೆಲಮಾಳಿಗೆಯ ತಂಪಿನಲ್ಲಿ ಮಲಗಿಬಿಡುತ್ತಾರೆ. ಆ ಹೊತ್ತಿನಲ್ಲಿ ವಿಮಾನಗಳಿಗೆ ಮಾತ್ರ ಹೊಟ್ಟೆತುಂಬ ಬಿಸಿಲು, ಕೈತುಂಬ ಕೆಲಸ. ಉಳಿದಂತೆ ನಿಮಗೆ ಗುರುತು ಹತ್ತದಂಥ ಬದಲಾವಣೆ ಏನಿಲ್ಲ. ಜೋಳದ ರೊಟ್ಟಿ ಉಂಟು, ಶೇಂಗಾ ಹಿಂಡಿಗೆ ಬೆಳ್ಳುಳ್ಳಿ ಎಷ್ಟು ಎಂಬ ಜಗಳವೂ ಉಂಟು.

ಡೋಣಿಯವರಿಗೆ ಈ ತೊಗಲು ಬಂದದ್ದು ತಡವಾಗಿ, ಕಳೆದ ವರ್ಷ. ಅದರ ಮೇಲೆ ಬಣ್ಣದ ಒಂದು ಹನಿ ಬಿದ್ದರೂ ಅಷ್ಟು ಜಾಗ ಕೆಲಸ ಮಾಡದು. ಹೊಸ ಲೋಗೋ, ಹೊಸ ಮೈಬಣ್ಣ ರೂಪಿಸುವ ಕೆಲಸವನ್ನು ಕಂಪನಿಯ ಮುಖ್ಯಸ್ಥರಾದ ಕಟಗೇರಿಯವರು ನಿಮ್ಮ ಕಸುಬನ್ನೇ ಹಿಡಿದ ನನಗೇ ವಹಿಸಿದರು. "ಹಕ್ಕಿ ಹೋಗ್ಲೇಬೇಕವಾ ಮುಕ್ತಾ. ಮನಿ ಮಗಳು ನೀ ತಗದ್ರ ಯಾರಿಗೂ ಬ್ಯಾಸರಾಗಂಗಿಲ್ಲ," ಎಂದರು.

ಅವ್ವನಿಗೆ ಬೇಸರವಾಯಿತು. ಅವಳು ಡೋಣಿಯ ಕ್ಯಾಪ್ಟನ್ ಆಗಿದ್ದವಳು, ನಿವೃತ್ತಿಯಾಗಿ ಆಗಿನ್ನೂ ಕೆಲವೇ ತಿಂಗಳಾಗಿತ್ತು. ತಾನು ಚಿಕ್ಕವಳಿದ್ದಾಗ ನೀವು ಆ ಬಾಲ ತೋರಿಸಿ "ಅದು ನಂದು" ಎಂದದ್ದಕ್ಕೇ ಪೈಲಟ್ ಆದೆ ಎನ್ನುತ್ತಾಳೆ. ಊಟದ ಹೊತ್ತಿನಲ್ಲಿ ವಿಷಯ ಹೇಳಿದೆ. "ಅಳಸಾಕ ನಿನ್ನ ಕೈನ ಬೇಕಾಗಿತ್ತೇನು?" ಎಂದಳು. ಆಮೇಲೆ ಎಷ್ಟೋ ದಿನ ನನ್ನ ತಟ್ಟೆಗೆ ರೊಟ್ಟಿ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ.

ಹಕ್ಕಿಯನ್ನು ಉಳಿಸಲು ನೋಡಿದೆ. ಬಾಗಿಲ ಪಕ್ಕ ಚಿಕ್ಕದಾಗಿ ಕೂರಿಸಿದೆ, ಮೂತಿಯ ಕೆಳಗೆ ಕೂರಿಸಿದೆ. ಯಾರೋ ಅಂಟಿಸಿ ಮರೆತ ಸ್ಟಿಕರಿನಂತೆ ಕಂಡಿತು. ಒಂದು ಬೆಳಿಗ್ಗೆ ಹಿತ್ತಲಲ್ಲಿ ಕೂತಿದ್ದಾಗ ತಂತಿಯ ಮೇಲಿದ್ದ ಬೆಳವವೊಂದು ನನ್ನ ತಲೆಯ ಮೇಲಿಂದಲೇ ಹಾರಿಹೋಯಿತು. ನೀವು ಪಕ್ಕದಿಂದ ಬಿಡಿಸಿದ್ದಿರೆಂದು ನಾನೂ ಅಲ್ಲಿಯವರೆಗೆ ಅದನ್ನು ಪಕ್ಕದಿಂದಲೇ ಬಿಡಿಸುತ್ತಿದ್ದೆ. ಕೆಳಗಿನಿಂದ ಅದು ಬೇರೆಯೇ ಹಕ್ಕಿ: ಎದೆ ತಿಳಿಗುಲಾಬಿ, ಹೊಟ್ಟೆ ಹಾಲಿನಂತೆ, ರೆಕ್ಕೆಯ ಅಡಿ ಬೂದಿ. ತೊಗಲು ಹೊದಿಸದ ವಿಮಾನದ ಅಡಿಭಾಗಕ್ಕೆ ಅವೇ ಬಣ್ಣ ಕೊಟ್ಟೆ. ಹಕ್ಕಿಯ ಚಿತ್ರವನ್ನು ಪೂರಾ ಕೈಬಿಟ್ಟೆ.

ನಕ್ಷೆ ನೋಡಿದ ಅವ್ವ, "ಮಜ್ಜಿಗಿ ಚೆಲ್ಲಿದಂಗ ಐತಿ," ಎಂದು ಒಳಗೆ ಹೋದಳು. ಕಟಗೇರಿಯವರು ಒಪ್ಪಿದರು, ನನಗೆ ಸಂತೋಷವಾಗಲಿಲ್ಲ.

ಹೊಸ ಬಣ್ಣದ ಮೊದಲ ವಿಮಾನ ಹಾರುವ ದಿನ, ಬರುವುದಿಲ್ಲ ಎಂದಿದ್ದ ಅವ್ವ ಕೊನೆ ಗಳಿಗೆಯಲ್ಲಿ ತಲೆಗೆ ಸೆರಗು ಸುತ್ತಿಕೊಂಡು ಬಂದಳು. ನಿಲ್ದಾಣದ ಗೋಡೆಯಾಚೆ, ಜೋಳ ಕೊಯ್ದ ಹೊಲದಲ್ಲಿ ಇಬ್ಬರೂ ನಿಂತೆವು.

"ಅವ್ವಾ, ನಿಮ್ಮ ವಿಮಾನ ಏರೂದನ್ನ ಹಿಂಗ ಕೆಳಗ ನಿಂತು ಯಾವಾಗರ ನೋಡಿಯೇನು?" ಎಂದು ಕೇಳಿದೆ.

"ಎಲ್ಲಿ ನೋಡ್ಲಿ? ನಾ ಒಳಗ ಇರ್ತಿದ್ನಲ್ಲ."

ವಿಮಾನ ಗೋಡೆ ದಾಟಿ ಸರಿಯಾಗಿ ನಮ್ಮ ಮೇಲೆ ಬಂತು. ಗುಲಾಬಿ ಎದೆ, ಬಿಳಿ ಹೊಟ್ಟೆ, ಹರಡಿದ ಬೂದು ರೆಕ್ಕೆ. ಚಕ್ರಗಳು ನಿಧಾನವಾಗಿ ಮಡಚಿಕೊಂಡವು. ಜೀವನವಿಡೀ ಅವನ್ನು ಗೇರ್ ಎಂದೇ ಕರೆದ ಕ್ಯಾಪ್ಟನ್ ದಾನೇಶ್ವರಿ ಮೆಲ್ಲಗೆ ಅಂದಳು: "ಕಾಲ ಒಳಗ ಎಳಕೊಂಡ್ತು ನೋಡು."

ಅದು ಕಣ್ಣಿಗೆ ಮರೆಯಾಗುವವರೆಗೆ ನನ್ನ ಭುಜ ಹಿಡಿದೇ ನಿಂತಿದ್ದಳು.

ಕೊನೆಯ ಹಳೇ ವಿಮಾನದ ಬಾಲದಿಂದ ನಿಮ್ಮ ಹಕ್ಕಿಯನ್ನು ನಿನ್ನೆ ನಾನೇ ತೆಗೆದೆ. ಏಣಿ ಹಿಡಿದು ನಿಂತವಳು ಅವ್ವ. ಕೊಕ್ಕನ್ನು ಎಲ್ಲಕ್ಕಿಂತ ಕೊನೆಗೆ ತೆಗೆದೆ.

ಅದು ಒಂದು ದಿನ ಹೋಗುತ್ತದೆಂದು ತಿಳಿದ ಮಾತ್ರಕ್ಕೆ ನೀವು ಕುಂಚ ಕೆಳಗಿಡಬೇಡಿ, ಮುತ್ತಜ್ಜಿ. ನಿಮಗೆ ಬೇಕಾದಂತೆಯೇ ಬಿಡಿಸಿ. ಮತ್ತು ಕೆಲಸದ ಗುಂಗಿನಲ್ಲಿ ಊಟ ಬಿಡುವ ಚಾಳಿ ನಿಮಗೆ ಮೊದಲಿನಿಂದಲೂ ಇತ್ತಂತೆ. ಹೊತ್ತಿಗೆ ಸರಿಯಾಗಿ ಉಣ್ಣಲು ಬರಿ ಎಂದು ಅವ್ವ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ಈಗ ನಿಮಗಿಂತ ಅವಳೇ ದೊಡ್ಡವಳು. ಅವಳ ಮಾತು ಕೇಳಿ.

ನಿಮ್ಮ,
ಮುಕ್ತಾ