ನೀನು ಒಪ್ಪದ ಪ್ರೊಸೆಸರ್

ಅಂಗಡಿಯ ಹಿಂದಿನ ಕೋಣೆ
ಬುಧವಾರ, ಮಾರ್ಚ್ 12

ಅಣ್ಣನಿಗೆ,

ಪ್ರೀತಿಯ ಎಂದು ಬರೆಯಲು ಕೈ ಏಳುತ್ತಿಲ್ಲ. ಬೆನ್ನುನೋವು ಹೇಗಿದೆ? ಅತ್ತಿಗೆ ಚೆನ್ನಾಗಿದ್ದಾರೆಯೇ? ಅಮ್ಮ ಕೇಳು ಎಂದಳು, ಕೇಳಿದ್ದೇನೆ.

ಹಳೆಯ ಕಂಪ್ಯೂಟರ್ ಬಳಕೆದಾರರ ಪತ್ರಿಕೆಯಲ್ಲಿ ನೀನು ಬರೆದದ್ದು ಓದಿದೆ. ನಮ್ಮ ಅಂಗಡಿಯ ಹಳೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಿ ನಾನು ಹೆಣಕ್ಕೆ ಶೃಂಗಾರ ಮಾಡಿದ್ದೇನಂತೆ. ಆ ಕಂಪ್ಯೂಟರ್ ತಯಾರಿಸಿದ ಕಂಪನಿ ಮುಚ್ಚಿ ಮೂವತ್ತು ವರ್ಷ. ಕಳೆದ ವರ್ಷ ನೀನು ತರಿಸಿದ ಹನ್ನೆರಡು ಪ್ರೊಸೆಸರ್‌ಗಳಲ್ಲಿ ಒಂಬತ್ತು, ಸುಟ್ಟ ಚಿಪ್‌ನ ಬೆನ್ನು ಉಜ್ಜಿ ಹೊಸ ನಂಬರ್ ಹೊಡೆದ ನಕಲಿಗಳು. ಅಂಧಮಕ್ಕಳ ಶಾಲೆಯ ಬ್ರೈಲ್ ಮುದ್ರಣಯಂತ್ರ ಈ ಕಂಪ್ಯೂಟರನ್ನೇ ನಂಬಿಕೊಂಡಿದೆ. ಅದು ಮೂರು ಸಲ ನಿಂತಾಗ ಮುದ್ರಣದ ಮೇಷ್ಟ್ರ ಎದುರು ತಲೆತಗ್ಗಿಸಿ ನಿಂತವಳು ನಾನು.

ಕೈಗೆ ಸಿಕ್ಕಿದ್ದನ್ನು ನಾನು ಆರಿಸಲಿಲ್ಲ. ನಿನ್ನ ಮನಸ್ಸು ನೋಯಬಾರದೆಂದು ಮೊದಲು ಹಳೆಯದರ ವಂಶದ್ದೇ ಒಂದು ಹೊಸ ಪ್ರೊಸೆಸರನ್ನು ನಾಲ್ಕು ತಿಂಗಳು ಪರೀಕ್ಷಿಸಿದೆ. ಅದಕ್ಕೆ ಹಳೆಯ ಆಜ್ಞೆಗಳಲ್ಲಿ ಕಾಲುಭಾಗ ತಿಳಿಯದು. ನಮ್ಮ ಪ್ರೋಗ್ರಾಂಗಳು ನಡುದಾರಿಯಲ್ಲೇ ಮುಗ್ಗರಿಸಿದವು. ಆಮೇಲೆ ಫೋನುಗಳಲ್ಲಿರುವ ಜಾತಿಯದನ್ನು ತಂದೆ. ಹೊರಗಿನದು, ನಿಜ. ಆದರೆ ಹಳೆಯ ಆಜ್ಞೆಗಳನ್ನು ಒಂದೊಂದಾಗಿ ತನ್ನ ಭಾಷೆಗೆ ತಿರುಗಿಸಿಕೊಂಡು ಹೇಳಿದ ಕೆಲಸ ಮಾಡುತ್ತದೆ. ರಕ್ತಸಂಬಂಧ ಕೈಕೊಟ್ಟಾಗ ಹೊರಗಿನವರೇ ಕೈಹಿಡಿದರು. ಪ್ರೊಸೆಸರ್ ಬಗ್ಗೆ ಮಾತ್ರ ಹೇಳುತ್ತಿದ್ದೇನೆ ಎಂದುಕೊಳ್ಳಬೇಡ.

ಅದನ್ನು ಕೂರಿಸಿದ ದಿನ ನೀನು, "ಇನ್ನು ಇದು ನಮ್ಮ ಮಿಷನ್ ಅಲ್ಲ, ನಿಂದು. ನೀನೇ ಕಟ್ಕೊಂಡು ಏಗು" ಎಂದು, ಉಳಿದಿದ್ದ ಮೂರು ಅಸಲಿ ಚಿಪ್‌ಗಳನ್ನು ಜೇಬಿಗೆ ಹಾಕಿಕೊಂಡು ಹೋದೆ. ಮೇಷ್ಟ್ರು ಮೊದಲ ಹಾಳೆಯ ಮೇಲೆ ಬೆರಳಾಡಿಸಿ, "ಅಕ್ಷರ ಸರಿಯಾಗಿದೆ ಕಣಮ್ಮ. ನಿಮ್ಮಣ್ಣ ಎಲ್ಲಿ?" ಎಂದರು. ಜ್ವರ ಎಂದೆ. ನಿನ್ನ ಮಾನ ಕಾಯಲು ನಾನು ಹೇಳಿದ ಸುಳ್ಳು ಅದೇ ಕೊನೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವನ ಜೊತೆ ನನಗೆ ವಾದ ಬೇಡ.

ಅತ್ತಿಗೆಗೆ ನಮಸ್ಕಾರ ತಿಳಿಸು. ನಿನಗೆ ಹೇಳುವುದೇನೂ ಉಳಿದಿಲ್ಲ.

ನಿನ್ನ ತಂಗಿ

ಮರೆತಿದ್ದೆ: ಉದ್ದದ ಕೆಲಸ ಕೊಟ್ಟರೆ ಬ್ರೈಲ್ ಚುಕ್ಕೆಗಳು ಕಲಸಿಹೋಗುತ್ತಿವೆ. ಮುದ್ರಣದ ಪ್ರೋಗ್ರಾಂ ಬರೆದವನು ನೀನು; ಒಂದು ಚುಕ್ಕೆಗೂ ಇನ್ನೊಂದಕ್ಕೂ ನಡುವಿನ ಬಿಡುವಿಗೆ ಹಳೆಯ ಪ್ರೊಸೆಸರಿನ ನಿಧಾನವನ್ನೇ ಗಡಿಯಾರ ಮಾಡಿಕೊಂಡಿದ್ದೀಯ. ಹೊಸದರ ವೇಗ ತಗ್ಗಿಸಿ ನೋಡಿದೆ, ಸಾಲಲಿಲ್ಲ. ಹನ್ನೊಂದು ದಿನ ಕೂತರೂ ನಿನ್ನ ಗಂಟು ಬಿಡಿಸಲಾಗಲಿಲ್ಲ. ಮಕ್ಕಳ ಪರೀಕ್ಷೆ ಇದೇ 24ಕ್ಕೆ, ಪ್ರಶ್ನೆಪತ್ರಿಕೆ ನಲವತ್ತು ಹಾಳೆ. ಶನಿವಾರ ಬಾ. ಮಾತಾಡಬೇಕಾಗಿಲ್ಲ. ಅಂಗಡಿಯ ಬೀಗ ಬದಲಾಯಿಸಿಲ್ಲ.